ಒಂದರ ಮೇಲೆ ಇಳಿಯದ ಯಮನೂರ

ಯಮನೂರ ಕಲ್ಲಗೋನಾಳ ಹೋದ ಮಂಗಳವಾರ ಮಧ್ಯಾಹ್ನ ಇಳಕಲ್ಲಿನ ತನ್ನ ಮನೆಯಲ್ಲಿ ತೀರಿಕೊಂಡ. ವಯಸ್ಸು ನಲವತ್ತೇಳು. ಸಿಲಿಕೋಸಿಸ್, ಅಂದರೆ ಕಲ್ಲಿನ ಪುಡಿ ಕೂತು ಪುಪ್ಪುಸ ಗಟ್ಟಿಯಾಗುವ ರೋಗ.

ಇಷ್ಟನ್ನು ಮೊದಲೇ ಬರೆದಿಡಬೇಕು. ಯಾಕೆಂದರೆ ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಬೇರೆಯದನ್ನೇ ಹೇಳುತ್ತಿದ್ದರು. "ನೀರಿನ ಸಂಗ ಮಾಡಿದ್ದ, ನೀರು ಬಿಡಲಿಲ್ಲ ನೋಡ್ರಿ" ಎಂದು ಒಬ್ಬರು ಅಂದರೆ, ಹೌದೆಂದು ನಾಲ್ವರು ತಲೆದೂಗಿದರು. ಮರುದಿನ ಒಂದು ಪತ್ರಿಕೆ ಅದನ್ನೇ ತಲೆಬರಹ ಮಾಡಿತು. ಅದು ಸುಳ್ಳು. ಹದಿನೆಂಟು ವರ್ಷಗಳಲ್ಲಿ ಯಮನೂರ ಎಷ್ಟು ಸಲ ನೀರಿಗೆ ಇಳಿದನೋ ಅಷ್ಟು ಸಲವೂ ಮೇಲೆ ಬಂದ. ಅವನನ್ನು ಕೊಂದದ್ದು ದಡದ ಮೇಲಿನ ಗಾಳಿ. ಹದಿನೈದನೆಯ ವಯಸ್ಸಿನಿಂದ ಇಪ್ಪತ್ತೇಳರವರೆಗೆ ಅವನು ಗ್ರಾನೈಟ್ ಕೊರೆದ, ಕೊಯ್ದ, ಉಜ್ಜಿದ. ಮೂಗಿಗೆ ಒಂದು ಟವೆಲ್ಲು ಸುತ್ತಿಕೊಳ್ಳುತ್ತಿದ್ದ, ಅಷ್ಟೆ. ನೀರೊಳಗೆ ಉಸಿರಾಡಿದ್ದು ಮಾತ್ರ ಸೋಸಿ ತುಂಬಿದ ಗಾಳಿ. "ನನ್ನ ಜಲ್ಮದಾಗ ಚಲೋ ಗಾಳಿ ತಗೊಂಡಿದ್ದು ಅಂದ್ರ ನೀರಾಗ ಅಷ್ಟ" ಎಂದು ಅವನೇ ಹೇಳುತ್ತಿದ್ದ.

ಕಲ್ಲಿನ ಕೆಲಸದವನು ನೀರಿನ ಕೆಲಸಕ್ಕೆ ಬಂದದ್ದು ಹೀಗೆ. ಕೃಷ್ಣೆಯ ಒಂದು ಆಣೆಕಟ್ಟಿನ ಗೇಟು ನೋಡಲು ಮುಂಬೈಯಿಂದ ಮುಳುಗು ತಜ್ಞರ ತಂಡ ಬಂದಿತ್ತು. ಹಗ್ಗ ಜಗ್ಗಲು, ಸಿಲಿಂಡರ್ ಹೊರಲು ಆಳುಗಳು ಬೇಕಾಗಿದ್ದರು. ಯಮನೂರ ಹದಿನೈದು ದಿನದ ಕೂಲಿಗೆಂದು ಹೋದವನು ಆರು ವರ್ಷ ಅವರ ಹಿಂದೆ ಊರೂರು ತಿರುಗಿದ. ಆ ತಂಡದಲ್ಲಿ ರತ್ನಾಗಿರಿಯ ಒಬ್ಬ ಮುದುಕನಿದ್ದ. ಆಣೆಕಟ್ಟಿನ ಒಳಗಿನ ಸುರಂಗಗಳಲ್ಲಿ, ತಲೆಯ ಮೇಲೆ ಕಾಂಕ್ರೀಟ್ ಇರುವ ಜಾಗದಲ್ಲಿ, ಕಣ್ಣು ಕಾಣದ ಕೆಸರಿನಲ್ಲಿ ಕೆಲಸ ಮಾಡುವುದನ್ನು ಇವನಿಗೆ ಕಲಿಸಿದವನು ಅವನೇ. ಅವನ ಪಾಠ ಸಣ್ಣದು. ತಲೆಯ ಮೇಲೆ ಆಕಾಶ ಇದ್ದವನು ಕಷ್ಟ ಬಂದಾಗ ಮೇಲಕ್ಕೆ ಹೋಗಬಹುದು. ತಲೆಯ ಮೇಲೆ ಛಾವಣಿ ಇದ್ದವನು ಕಷ್ಟವನ್ನು ಅದು ಬಂದ ಜಾಗದಲ್ಲೇ ಬಿಡಿಸಿಕೊಳ್ಳಬೇಕು. ಅದಕ್ಕೆ ಎಲ್ಲವೂ ಎರಡಿರಬೇಕು, ಎರಡೂ ತನ್ನ ಮೈಮೇಲೇ ಇರಬೇಕು.

ಊರಿಗೆ ಮರಳಿದ ಮೇಲೆ ಯಮನೂರ ಆ ಮಾತನ್ನು ಇಳಕಲ್ ಸುತ್ತಿನ ಕ್ವಾರಿಗಳಿಗೆ ಹಚ್ಚಿದ. ಕಲ್ಲು ಮುಗಿದು ಬಿಟ್ಟುಹೋದ ಕ್ವಾರಿಗಳು ಮಳೆನೀರು ತುಂಬಿ ಎಂಬತ್ತು ತೊಂಬತ್ತು ಅಡಿ ಆಳದ ಬಾವಿಗಳಾಗಿ ನಿಂತಿವೆ. ಮೇಲೆ ನೋಡಿದರೆ ಆಕಾಶ ಇದೆ. ಆದರೆ ಒಳಗೆ ಹಳೆಯ ಕ್ರೇನಿನ ಉಕ್ಕಿನ ಹಗ್ಗಗಳು, ಮುಳ್ಳುಗಿಡ, ತಂತಿ. ತಳದಲ್ಲಿ ಹಿಟ್ಟಿನಂಥ ಕಲ್ಲುಪುಡಿ. ಕಾಲು ಒಮ್ಮೆ ಆಡಿಸಿದರೆ ತನ್ನ ಕೈ ತನಗೆ ಕಾಣುವುದಿಲ್ಲ. "ಇದಕ್ಕೂ ಛಾವಣಿ ಐತಿ, ನಿಮಗ ಕಾಣವಲ್ದು" ಎನ್ನುತ್ತಿದ್ದ.

ಅವನ ಸಾಮಾನು ನೋಡಿದವರು ನಗುತ್ತಿದ್ದರು. ಎರಡು ಕಂಕುಳಲ್ಲಿ ಎರಡು ಸಿಲಿಂಡರ್, ಒಂದೊಂದಕ್ಕೂ ಬಾಯಲ್ಲಿ ಕಚ್ಚಿ ಉಸಿರೆಳೆಯುವ ಬೇರೆ ರೆಗ್ಯುಲೇಟರ್. ಎರಡು ಬ್ಯಾಟರಿ ದೀಪ, ಎರಡು ಚಾಕು. ಇದನ್ನೆಲ್ಲ ಕಟ್ಟಿಕೊಳ್ಳುವ ಪಟ್ಟಿಯನ್ನು ಟ್ರ್ಯಾಕ್ಟರ್ ಸೀಟು ಹೊಲಿಯುವವನಿಂದ ಹೊಲಿಸಿದ್ದ. ಗಾಳಿಯನ್ನು ಮೂರು ಪಾಲು ಮಾಡುತ್ತಿದ್ದ. ಒಂದು ಹೋಗಲಿಕ್ಕೆ, ಒಂದು ಬರಲಿಕ್ಕೆ, ಮೂರನೆಯದು ಮೀಸಲು. ದೇವರಿಗೆ ತೆಗೆದಿಟ್ಟ ಬುತ್ತಿಯನ್ನು ಹಸಿವಾಯಿತೆಂದು ಯಾರೂ ಉಣ್ಣುವುದಿಲ್ಲ. ಹಾಗೆ ಇದೂ.

ದಡದಿಂದ ತಳದವರೆಗೆ ಅವನು ಹಿಡಿದು ಹೋಗುವ ಹಗ್ಗವನ್ನು ಹೆಂಡತಿ ಜಯಶ್ರೀ ಸಿದ್ಧ ಮಾಡುತ್ತಿದ್ದಳು. ಆಕೆ ಮಗ್ಗದ ಮೇಲೆ ಇಳಕಲ್ ಸೀರೆ ನೇಯುವವಳು. ಹಗ್ಗಕ್ಕೆ ಹತ್ತು ಅಡಿಗೊಮ್ಮೆ ಎರಡು ಪಟ್ಟಿ ಸುತ್ತುತ್ತಿದ್ದಳು. ದಡದ ಕಡೆಗೆ ರೇಷ್ಮೆಯ ನೂಲು, ಆಳದ ಕಡೆಗೆ ಹತ್ತಿಯ ನೂಲು. ಕತ್ತಲಲ್ಲಿ ಬೆರಳು ಆಡಿಸಿದರೆ ಸಾಕು, ನುಣುಪು ಇರುವ ದಿಕ್ಕೇ ದಾರಿ. ಹಗ್ಗದ ದಡದ ತುದಿ ಹಿಡಿದು ಕೂಡುತ್ತಿದ್ದವನು ಗ್ರಂಥಾಲಯದಲ್ಲಿ ಕೆಲಸ ಮಾಡುವ ಗೆಳೆಯ ಸಂಗಯ್ಯ. ಅವನಿಗೆ ಈಜು ಬರುವುದಿಲ್ಲ. "ಅದಕ್ಕ ನಿನ್ನ ಹಚ್ಚೇನಿ, ಈಜು ಬರೂ ಮಂದಿ ಹಗ್ಗ ಬಿಟ್ಟು ಜಿಗಿತಾರ" ಎಂದು ಯಮನೂರ ಅವನಿಗೆ ಹೇಳಿದ್ದ.

ಐದು ವರ್ಷದ ಹಿಂದೆ ಜಿಲ್ಲಾಡಳಿತದವರು ಮುಳುಗಿದವರನ್ನು ತೆಗೆಯುವ ಒಂದು ದಳ ಮಾಡಿ ಯಮನೂರನನ್ನೂ ಸೇರಿಸಿಕೊಂಡರು. ತರಬೇತಿ ಕೊಡಲು ಬಂದವನು ಬಾಗಲಕೋಟೆ ನವನಗರದ ಸಂತೋಷಕುಮಾರ. ಕರಾವಳಿಯ ಸಮುದ್ರದಲ್ಲಿ ಪ್ರವಾಸಿಗರಿಗೆ ಮೀನು, ಹವಳ ತೋರಿಸಿ ಏಳು ವರ್ಷ ಅನುಭವ ಗಳಿಸಿದವನು. ಪ್ರಮಾಣಪತ್ರಗಳಿದ್ದವು. ಒಳ್ಳೆಯ ಮನುಷ್ಯ. ನೀರಿಗೆ ಹೆದರುವವನನ್ನು ಒಂದು ವಾರದಲ್ಲಿ ನಗುತ್ತಾ ಮುಳುಗುವಂತೆ ಮಾಡುವ ಕಲೆ ಅವನಿಗಿತ್ತು. ಅವನ ಪಾಠ ಬೇರೆ. ಸಾಮಾನು ಕಡಿಮೆ ಇರಲಿ, ಮನಸ್ಸು ಶಾಂತ ಇರಲಿ. ಒಬ್ಬನೇ ಇಳಿಯಬೇಡ, ಜೊತೆಗಾರ ಇರಲಿ. ನಿನ್ನ ಗಾಳಿ ಮುಗಿದರೆ ಅವನ ಹತ್ತಿರ ಇದೆ. ದಾರಿ ತಪ್ಪಿದರೆ ಒಂದು ನಿಮಿಷ ಹುಡುಕು, ಸಿಗದಿದ್ದರೆ ಮೇಲೆ ಬಾ.

ಕಲಾದಗಿ ಹತ್ತಿರ ಘಟಪ್ರಭೆಯ ಹಿನ್ನೀರಿನಲ್ಲಿ ಮೊದಲ ದಿನದ ತರಬೇತಿ. ಯಮನೂರ ಟೆಂಪೋದಿಂದ ತನ್ನ ಗಂಟು ಇಳಿಸಿದ.

"ಏನ್ ಕಾಕಾ, ಇಷ್ಟೆಲ್ಲಾ ಕಟಗೊಂಡು ಎಲ್ಲಿಗೆ ಹೊಂಟೀರಿ, ಮದುವಿಗೇನು?" ಎಂದ ಸಂತೋಷಕುಮಾರ.

"ಮದುವಿಗೆ ಹೊಂಟಾಂವ ನೀನು ಸರ. ಕೈ ಬೀಸ್ಕೋತ ಹೋಗಿ ಉಂಡು ಬರ್ತಿ. ನಾ ಹೊಂಟಿದ್ದು ಮಣ್ಣಿಗೆ."

ದಳದ ಹುಡುಗರು ನಕ್ಕರು. ಸಂತೋಷಕುಮಾರನೂ ನಕ್ಕ. ಆಮೇಲೆ ಕೂತು ಸಮಾಧಾನವಾಗಿ ಹೇಳಿದ. "ಹಂಗಲ್ಲ ಕಾಕಾ. ಒಂದೊಂದು ಪೈಪು ಹೆಚ್ಚಾದಂಗ ಒಂದೊಂದು ಕೊಕ್ಕಿ ಹೆಚ್ಚಾಕ್ಕತಿ. ಎಲ್ಲಿ ಬೇಕಲ್ಲೆ ಸಿಗಬೀಳ್ತಾವ. ಜೋಡಿ ಮನಶಾ ಅದಾನಲ್ಲ, ಅಂವನ ನಿಮ್ಮ ಎರಡನೇ ಸಿಲಿಂಡರ್."

"ಕಣ್ಣು ಕಾಣೂ ನೀರಾಗ ಖರೆ. ಕ್ವಾರಿ ಕೆಸರಿನಾಗ ಆ ಜೋಡಿ ಮನಶಾನ್ನ ಎಲ್ಲಿ ಹುಡುಕ್ತಿ? ಸಿಲಿಂಡರ್ ನನ್ನ ಕಂಕಳದಾಗ ಇರ್ತೈತಿ, ಎಲ್ಲೂ ಹೋಗಂಗಿಲ್ಲ."

ಜಗಳ ಅಲ್ಲಿಗೆ ಮುಗಿಯಲಿಲ್ಲ. ದಳದ ನಿಯಮ ಬರೆದಾಗ ಸಂತೋಷಕುಮಾರನ ಮಾತೇ ನಿಂತಿತು. ಒಬ್ಬೊಬ್ಬನಿಗೆ ಒಂದು ಸಿಲಿಂಡರ್, ಇಬ್ಬರು ಕೂಡಿ ಇಳಿಯುವುದು. ಕ್ವಾರಿಗೂ ಅದೇ, ಹೊಳೆಗೂ ಅದೇ. ಯಮನೂರನ ಹತ್ತಿರ ಪ್ರಮಾಣಪತ್ರ ಇರಲಿಲ್ಲ, ಆದ್ದರಿಂದ ಅವನ ಮಾತು ಕಾಗದದ ಮೇಲೆ ಬರಲಿಲ್ಲ. ಅಂದಿನಿಂದ ಅವನಿಗೆ ಒಂದೇ ಹಟ. ಆ ನಿಯಮ ಬದಲಾಗಬೇಕು. ಒಬ್ಬ ಹುಡುಗ ಸತ್ತಮೇಲೆ ಬದಲಾಗುವುದಲ್ಲ, ಸಾಯುವ ಮೊದಲು. ತಿಂಗಳಿಗೊಮ್ಮೆ ಬಾಗಲಕೋಟೆಯ ಜಿಲ್ಲಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬರುತ್ತಿದ್ದ. ಅರ್ಜಿ ಬರೆದುಕೊಡುತ್ತಿದ್ದವನು ಸಂಗಯ್ಯ. "ಮತ್ತ ಬಂದ್ರೇನ್ರಿ ಎರಡ ಸಿಲಿಂಡರಿನವ್ರು" ಎಂದು ಅಲ್ಲಿಯ ಸಿಪಾಯಿ ನಗುತ್ತಿದ್ದ. "ನಾ ಬರೂದು ಬಿಡೂಮಟ ನೀ ಇಲ್ಲೇ ಇರ್ತಿ ಬಿಡು" ಎಂದು ಯಮನೂರ ಬಾಗಿಲಲ್ಲೇ ಕೂಡುತ್ತಿದ್ದ.

ಅವನ ವಿದ್ಯೆಯಲ್ಲೂ ತಪ್ಪು ಇತ್ತು. ಅದನ್ನು ಮುಚ್ಚಿ ಬರೆದರೆ ಅವನೇ ಒಪ್ಪುತ್ತಿರಲಿಲ್ಲ. ಒಂದು ಡಿಸೆಂಬರಿನಲ್ಲಿ ಹುನಗುಂದ ಕಡೆಯ ಕ್ವಾರಿಯಲ್ಲಿ ಬಿದ್ದ ಪಂಪು ತೆಗೆಯಲು ಇಳಿದಿದ್ದ. ಚಳಿಗೆ ಬೆರಳು ಮರಗಟ್ಟಿದ್ದವು, ಹಗ್ಗಕ್ಕೆ ಕಲ್ಲುಪುಡಿ ಮೆತ್ತಿತ್ತು. ಕಲ್ಲುಪುಡಿ ಹತ್ತಿದ ಮೇಲೆ ಹತ್ತಿಯೂ ರೇಷ್ಮೆಯಷ್ಟೇ ನುಣುಪು. ಹತ್ತಿಯನ್ನು ರೇಷ್ಮೆ ಎಂದು ತಿಳಿದು ಇಪ್ಪತ್ತೈದು ಅಡಿ ಆಳದ ಕಡೆಗೇ ಹೋದ. ಹಣೆಗೆ ಬಂಡೆ ಬಡಿದಾಗ ತಿಳಿಯಿತು. ಹೊರಳಿ ಬರುವಾಗ ಮೀಸಲು ಮುರಿಯಬೇಕಾಯಿತು. ಮೇಲೆ ಬಂದವನು ಯಾರೂ ಕೇಳದಿದ್ದರೂ ತಾನೇ ಎಲ್ಲರಿಗೂ ಹೇಳಿದ.

"ಎರಡ ಸಿಲಿಂಡರ್ ನಿಮಗ ದಾರಿ ತೋರ್ಸಲಿಲ್ಲಲ್ಲ ಕಾಕಾ" ಎಂದ ಸಂತೋಷಕುಮಾರ.

"ಇಲ್ಲ. ಆದ್ರ ದಾರಿ ಹುಡುಕೂಮಟ ಉಸರ ಕೊಟ್ಟವು."

ಮನೆಗೆ ಬಂದು ಜಯಶ್ರೀಗೆ ಹೇಳಿದ. ಆಕೆ ಒಂದು ದಿನ ಯೋಚಿಸಿದಳು. "ನೂಲಿನ ಜಾತಿ ನೋಡೂದ ಬ್ಯಾಡ್ರಿ. ಕೊಂಡಿ ಹಾಕ್ತೇನಿ" ಎಂದಳು. ಸೀರೆಯ ಒಡಲಿಗೂ ಸೆರಗಿಗೂ ಒಂದೊಂದೇ ಎಳೆಯನ್ನು ಕೊಂಡಿಯಲ್ಲಿ ಕೂಡಿಸುವುದು ಆಕೆಯ ಕಸುಬು. ಹಾಗೆಯೇ ಹೊಸ ಹಗ್ಗಕ್ಕೂ ಹತ್ತು ಅಡಿಗೊಂದು ಕೊಂಡಿ ಹಾಕಿ, ಅದರ ಬಾಲವನ್ನು ದಡದ ಕಡೆಗೆ ಬೆರಳುದ್ದ ಬಿಟ್ಟಳು. ಕೈ ಮರಗಟ್ಟಿದರೂ ಬಾಲ ಯಾವ ಕಡೆ ಇದೆ ಎಂಬುದು ತಪ್ಪುವುದಿಲ್ಲ. ಮೊದಲಿನ ಹಗ್ಗವನ್ನು ಯಮನೂರ ಒಲೆಗೆ ಹಾಕಿದ.

ಎರಡು ವರ್ಷದ ಹಿಂದಿನ ಏಪ್ರಿಲ್. ಇಳಕಲ್ ಹೊರಗಿನ ಒಂದು ಕ್ವಾರಿಯಲ್ಲಿ ಈಜಲು ಹೋದ ಹತ್ತೊಂಬತ್ತು ವರ್ಷದ ಅರ್ಬಾಜ ಮುಳುಗಿದ. ದಳ ಬರುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ದಡದ ತುಂಬ ಜನ. ಹುಡುಗನ ತಾಯಿ ರೋಷನಬಿ ಬಂಡೆಯ ಅಂಚಿಗೆ ಕೂತಿದ್ದಳು, ನಾಲ್ಕು ಹೆಂಗಸರು ಅವಳನ್ನು ಹಿಡಿದುಕೊಂಡಿದ್ದರು. ಯಮನೂರ ಸಾಮಾನು ಕಟ್ಟಿಕೊಂಡು ಎರಡೂ ರೆಗ್ಯುಲೇಟರ್ ಬಾಯಲ್ಲಿಟ್ಟು ನೋಡಿದ. ಎಡಗಡೆಯದು ಕೆಟ್ಟಿತ್ತು. ವಾಲ್ವ್ ತೆರೆದ ಕೂಡಲೇ ಗಾಳಿ ತಾನೇ ಸುರಿದುಹೋಗುತ್ತಿತ್ತು. ಬಿಚ್ಚಿ ತೊಳೆದು ಮತ್ತೆ ಹಾಕಿದ. ಹಾಗೇ ಸುರಿಯಿತು.

"ಇವತ್ತ ಇಳ್ಯಾಂಗಿಲ್ಲ. ಇದನ್ನ ರಿಪೇರಿ ಮಾಡ್ಕೊಂಡು ಮುಂಜಾನಿ ಬರ್ತೇನಿ."

ಮೇಲ್ವಿಚಾರಣೆಗೆ ಬಂದಿದ್ದ ಸಾಹೇಬರು, "ಇನ್ನೊಂದು ನೆಟ್ಟಗ ಐತೆಲ್ಲೋ ಮಾರಾಯ" ಎಂದರು.

"ಒಂದರ ಮ್ಯಾಲ ಇಳ್ಯಾಂಗಿಲ್ರಿ."

"ಆ ತಾಯಿ ಮಾರಿ ನೋಡರ ಇಳಿ."

"ನೋಡೇನ್ರಿ. ಅದಕ್ಕ ಇನ್ನೊಬ್ಬ ತಾಯಿನ್ನ ಅಲ್ಲೆ ಕುಂದ್ರಸಂಗಿಲ್ಲ."

ಜನ ಸುಮ್ಮನಿರಲಿಲ್ಲ. ಹೆದರಿದ ಎಂದರು. ಎರಡು ಇದ್ದರಷ್ಟೇ ಗಂಡಸು ಎಂದು ಹಿಂದಿನಿಂದ ಯಾರೋ ಅಂದರು. ರೋಷನಬಿ ಅಳು ನಿಲ್ಲಿಸಿ ಅವನ ಕಡೆ ನೋಡಿದಳು. "ನನ್ನ ಮಗ ರಾತ್ರಿ ಪೂರಾ ನೀರಾಗ ಇರಬೇಕೇನಪಾ?" ಎಂದಳು. ಆದರೂ ಯಮನೂರ ಕದಲಲಿಲ್ಲ. ಪಟ್ಟಿ ಬಿಚ್ಚದೆ ಒಂದು ಕಲ್ಲಿನ ಮೇಲೆ ಕೂತ.

ಇಳಿದವರು ಸಂತೋಷಕುಮಾರ ಮತ್ತು ದಳದ ಇಪ್ಪತ್ತಮೂರು ವರ್ಷದ ಸಿದ್ದಾರ್ಥ. ನಿಯಮದ ಪ್ರಕಾರವೇ ಇಳಿದರು, ಒಬ್ಬೊಬ್ಬರಿಗೆ ಒಂದು, ಇಬ್ಬರೂ ಜೊತೆಗೆ. ಹದಿನೆಂಟು ನಿಮಿಷಕ್ಕೆ ಸಂತೋಷಕುಮಾರ ಒಬ್ಬನೇ ಮೇಲೆ ಬಂದ. ಎಪ್ಪತ್ತು ಅಡಿಯಲ್ಲಿ ಪುಡಿ ಎದ್ದಿತ್ತು, ಜೊತೆಗಾರ ಕೈಯಳತೆಯಲ್ಲೇ ಕಾಣದಾಗಿದ್ದ. ಒಂದು ನಿಮಿಷ ಹುಡುಕಿ, ಪಾಠದಂತೆ ಮೇಲೆ ಬಂದಿದ್ದ. ಸಿದ್ದಾರ್ಥ ಬರಲಿಲ್ಲ. ಅವನ ಉಸಿರಿನ ಗುಳ್ಳೆಗಳು ಮಾತ್ರ ಬಂಡೆಯ ಹತ್ತಿರ ಒಂದೇ ಜಾಗದಲ್ಲಿ ಏಳುತ್ತಿದ್ದವು.

ಸಂತೋಷಕುಮಾರ ಮತ್ತೆ ಮುಳುಗಲು ಹೊರಳಿದ. ಯಮನೂರ ಅವನ ಗಾಳಿಯ ಮೀಟರ್ ಹಿಡಿದು ನೋಡಿದ.

"ಇದರಾಗ ನಿನಗೊಬ್ಬನಿಗೇ ಆಗೂದಿಲ್ಲ. ಮ್ಯಾಲ ಹತ್ತು."

"ಕಾಕಾ, ನಿಮ್ಮದೂ ಒಂದ ಐತಿ."

"ಒಂದೂವರಿ ಐತಿ" ಎಂದು ಯಮನೂರ ಹಗ್ಗದ ತುದಿಯನ್ನು ಸಂಗಯ್ಯನ ಕೈಗೆ ಕೊಟ್ಟು ಇಳಿದ.

ಸತ್ತವನಿಗಾಗಿ ಮುರಿಯದ ತನ್ನ ನಿಯಮವನ್ನು ಬದುಕಿದವನಿಗಾಗಿ ಮುರಿದ. ಕೆಳಗೆ ಏನೂ ಕಾಣುತ್ತಿರಲಿಲ್ಲ. ಕೈಗೆ ಮೊದಲು ಒಂದು ಕಾಲು ಸಿಕ್ಕಿತು. ಕಾಲು ಒದೆಯಿತು. ಬದುಕಿದ್ದಾನೆ ಎಂದುಕೊಂಡ. ತಡವುತ್ತಾ ಮೇಲೆ ಹೋದರೆ, ಸಿಲಿಂಡರಿಗೂ ಬೆನ್ನಿಗೂ ನಡುವೆ ಕ್ರೇನಿನ ಉಕ್ಕಿನ ಹಗ್ಗ ಸಿಕ್ಕಿಕೊಂಡಿತ್ತು. ಚಾಕುವಿಗೆ ಬಗ್ಗುವ ವಸ್ತುವಲ್ಲ. ಅಷ್ಟರಲ್ಲಿ ಹುಡುಗನ ಗಾಳಿ ಮುಗಿಯಿತು. ಅವನು ಯಮನೂರನ ಬಾಯಿಂದಲೇ ರೆಗ್ಯುಲೇಟರ್ ಕಿತ್ತುಕೊಂಡ. ಯಮನೂರ ಕೊಟ್ಟ. ಸುರಿಯುವ ಎಡಗಡೆಯದನ್ನು ತಾನು ಕಚ್ಚಿದ. ಒಂದು ಕೈಯಿಂದ ಅದರ ವಾಲ್ವ್ ತೆರೆಯುವುದು, ಒಂದು ಉಸಿರು ಎಳೆಯುವುದು, ಮುಚ್ಚುವುದು. ಮತ್ತೆ ತೆರೆಯುವುದು. ರತ್ನಾಗಿರಿಯ ಮುದುಕ ಅದನ್ನು ನೂರು ಸಲ ಮಾಡಿಸಿದ್ದ, ಊರಿಗೆ ಬಂದ ಮೇಲೆ ಯಮನೂರ ಬಾವಿಯಲ್ಲಿ ಕಣ್ಣು ಕಟ್ಟಿಕೊಂಡು ಸಾವಿರ ಸಲ ಮಾಡಿದ್ದ. ಇನ್ನೊಂದು ಕೈಯಿಂದ ಹುಡುಗನ ಪಟ್ಟಿಯ ಕ್ಲಿಪ್ಪುಗಳನ್ನು ಒತ್ತಿದ. ಎರಡೇ ಕ್ಲಿಪ್ಪು, ಪಟಪಟನೆ ಬಿಚ್ಚಿದವು. ಸಿಲಿಂಡರನ್ನು ಉಕ್ಕಿನ ಹಗ್ಗಕ್ಕೇ ಬಿಟ್ಟು ಹುಡುಗನನ್ನು ಎಳೆದುಕೊಂಡು ಬಂದ.

ಹದಿನೈದು ಅಡಿಯಲ್ಲಿ ನಿಂತ. ಮೈಯೊಳಗೆ ಸೇರಿದ ಗಾಳಿ ನಿಧಾನವಾಗಿ ಬಿಟ್ಟುಹೋಗಲು ಅಲ್ಲಿ ಮೂರು ನಿಮಿಷ ನಿಲ್ಲಬೇಕು. ಮೇಲೆ ಜನ ಸತ್ತರು, ಸತ್ತರು ಎಂದು ಕೂಗುತ್ತಿದ್ದರು. ಸಂಗಯ್ಯ ಹಗ್ಗ ಜಗ್ಗದೆ ಗಡಿಯಾರ ನೋಡುತ್ತ ಕೂತಿದ್ದ. ಮೂರು ನಿಮಿಷಕ್ಕೆ ಎರಡು ತಲೆ ಮೇಲೆ ಬಂದವು.

ಜನ ಅವನನ್ನು ಎತ್ತಿಕೊಳ್ಳಲು ಬಂದರು. ಅವನು ಕೈ ಕೊಡವಿ ಸಂತೋಷಕುಮಾರನ ಹತ್ತಿರ ಹೋದ. ಅವನು ನೆಲ ನೋಡುತ್ತಾ ಕೂತಿದ್ದ.

"ನಿನ್ನ ಸಾಮಾನ ಹಗುರ ಇತ್ತು. ಅದಕ್ಕ ಹುಡುಗ ಜಲ್ದಿ ಬಿಚ್ಚಿ ಬಂದ. ನನ್ನ ಪಟ್ಟಿ ಆಗಿದ್ರ ಇಬ್ರೂ ಅಲ್ಲೇ ಇರ್ತಿದ್ವಿ. ನಾಳಿನ ನಾ ಕ್ಲಿಪ್ಪ ಹಾಕ್ಸತೇನಿ. ನೀ ಎರಡನೇದು ಹಚ್ಚು."

ಸಂತೋಷಕುಮಾರ ತಲೆ ಎತ್ತಲಿಲ್ಲ. "ಹೂಂ ಕಾಕಾ" ಎಂದ.

ಮರುದಿನ ಬೆಳಿಗ್ಗೆ ಏಳಕ್ಕೆ, ಎರಡೂ ಸರಿ ಮಾಡಿಕೊಂಡು, ಯಮನೂರ ಅರ್ಬಾಜನನ್ನು ತಂದು ತಾಯಿಯ ಮುಂದೆ ಮಲಗಿಸಿದ. ರೋಷನಬಿ ಅವನ ಜೊತೆ ಮಾತಾಡಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಜಯಶ್ರೀ ಅದಕ್ಕೆ ಬೇಸರ ಮಾಡಿಕೊಂಡರೆ, "ಅಕಿ ಹಕ್ಕು ಅದು, ಬಿಡು" ಎನ್ನುತ್ತಿದ್ದ.

ಬಾಗಲಕೋಟೆಯಲ್ಲಿ ಒಂದು ಸಮಾರಂಭ ಮಾಡಿ ಅವನಿಗೆ ಶಾಲು ಹೊದಿಸಲು ಹೊರಟರು. ಅವನು ಶಾಲನ್ನು ಮಡಚಿ ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತ. "ಅವತ್ತು ನಾ ಮಾಡಿದ್ದು ಶೂರತನ ಅಲ್ರಿ. ತಪ್ಪು ಮಾಡೇನಿ, ನಶೀಬ ಚಲೋ ಇತ್ತು. ನಿಮ್ಮ ಕಾಗದದಾಗ ಎರಡು ಅಂತ ಬರಿದಿದ್ರ ನಾ ಆ ತಪ್ಪು ಮಾಡೂದು ಬೀಳ್ತಿದ್ದಿಲ್ಲ. ಕಾಗದ ತಿದ್ರಿ, ಆಮ್ಯಾಲ ಶಾಲ ಕೊಡ್ರಿ." ಹೀಗೆಂದು ಇಳಿದು ಇಳಕಲ್ ಬಸ್ಸು ಹತ್ತಿದ. ಆ ಶಾಲು ಇನ್ನೂ ಆ ಕಚೇರಿಯಲ್ಲೇ ಇದೆ ಎಂದು ಸಿಪಾಯಿ ಹೇಳುತ್ತಾನೆ.

ಆ ಮಳೆಗಾಲದಲ್ಲಿ ಕೆಮ್ಮು ಹೆಚ್ಚಾಯಿತು. ದವಾಖಾನೆಯಲ್ಲಿ ಎಕ್ಸರೇ ತೆಗೆದು, ಇನ್ನು ಮುಳುಗುವ ಮಾತು ಆಡಬೇಡ ಎಂದರು. ಡಾಕ್ಟರು ಮೊದಲು ಕೇಳಿದ್ದು ನೀರಿನ ಬಗ್ಗೆ. "ನೀರಿನ ಸುದ್ದಿ ಬಿಡ್ರಿ ಸಾಹೇಬ್ರ. ಹನ್ನೆರಡು ವರ್ಷ ಕಲ್ಲ ತಿಂದೇನಿ, ಅದನ್ನ ಬರಕೋರ್ರಿ" ಎಂದು ಅವನೇ ಬರೆಸಿದ. ಮುಳುಗುವುದನ್ನು ಬಿಟ್ಟ, ಕಲಿಸುವುದನ್ನು ಬಿಡಲಿಲ್ಲ. ಸಿದ್ದಾರ್ಥನನ್ನು ಮನೆಯ ಅಂಗಳದಲ್ಲಿ ಕಣ್ಣು ಕಟ್ಟಿ ಕೂಡಿಸಿ ವಾಲ್ವ್ ತೆರೆದು ಮುಚ್ಚುವುದನ್ನು ಮಾಡಿಸುತ್ತಿದ್ದ. "ಲೇ, ಬಾಯಿಲೆ ಎಣಸಬ್ಯಾಡ, ನೀರಾಗ ಬಾಯಿ ಇರಂಗಿಲ್ಲ." ಸಂತೋಷಕುಮಾರನೂ ಬರತೊಡಗಿದ. ಮೊದಮೊದಲು ಕಾಯಿಲೆ ವಿಚಾರಿಸಲು, ಆಮೇಲೆ ಕಲಿಯಲು. ಇಬ್ಬರೂ ಜಗಳ ಬಿಡಲಿಲ್ಲ. ಹೊಳೆಗೆ, ಕೆರೆಗೆ ಒಂದೇ ಸಾಕು ಎಂದು ಸಂತೋಷಕುಮಾರ, ಅದು ಖರೆ ಎಂದು ಯಮನೂರ. ಹಾಗಾದರೆ ಕ್ವಾರಿಗೂ ದೊಡ್ಡ ಆಳ ಇರದಿದ್ದರೆ ಎಂದು ಅವನು ಶುರು ಮಾಡಿದರೆ, ಇವನು ಕೆಮ್ಮು ತಡೆದುಕೊಂಡು ಬೈಯುತ್ತಿದ್ದ.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಸಂತೋಷಕುಮಾರ ಒಂದು ಫೈಲು ಹಿಡಿದು ಬಂದ. ಕಡೆಗೂ ಹೊಸ ನಿಯಮ ತಯಾರಾಗಿತ್ತು. ಅನುಭವಿಗಳ ಪಟ್ಟಿಯಲ್ಲಿ ಯಮನೂರನ ಹೆಸರೂ ಇತ್ತು, ಸಹಿ ಬೇಕಾಗಿತ್ತು. ಯಮನೂರ ಗೋಡೆಗೆ ಒರಗಿ ಕೂತಿದ್ದ. ಮೂಗಿಗೆ ಆಕ್ಸಿಜನ್ ನಳಿಕೆ ಇತ್ತು. ನಾಲ್ಕು ಮಾತಿಗೊಮ್ಮೆ ನಿಲ್ಲಬೇಕಾಗಿತ್ತು. ಜಯಶ್ರೀ ಮಗ್ಗದಿಂದ ಎದ್ದು ಬಂದು ಹತ್ತಿರ ನಿಂತಳು. ಸಂಗಯ್ಯ ಕಾಲ ಹತ್ತಿರ ಕೂತಿದ್ದ.

"ಓದು" ಎಂದ ಯಮನೂರ.

ಸಂತೋಷಕುಮಾರ ಓದಿದ. "ಕ್ವಾರಿಗಳಲ್ಲಿ ಕಾರ್ಯಾಚರಣೆ ನಡೆಸುವಾಗ, ಸಾಧ್ಯವಾದಲ್ಲಿ, ಪ್ರತಿಯೊಬ್ಬ ಮುಳುಗು ತಜ್ಞನು ಎರಡನೆಯ ಸಿಲಿಂಡರ್ ಮತ್ತು ರೆಗ್ಯುಲೇಟರ್ ಧರಿಸತಕ್ಕದ್ದು."

"ಇನ್ನೊಮ್ಮಿ ಓದು."

ಇನ್ನೊಮ್ಮೆ ಓದಿದ.

"ಸಾಧ್ಯ ಆಗದಿದ್ರ?"

ಸಂತೋಷಕುಮಾರ ಫೈಲಿನ ದಾರ ಎಳೆದಾಡಿದ. "ಮ್ಯಾಲಿನವ್ರು ಒಪ್ಪಬೇಕಲ್ಲ ಕಾಕಾ. ಸಾಮಾನ ಬರಾಕ ಟೈಮ್ ಹಿಡಿತೈತಿ. ಇಷ್ಟಕ್ಕ ಒಪ್ಪಸಾಕ ನನಗ ಒಂದ ವರ್ಷ ಆತು."

"ಸಾಧ್ಯ ಆಗದಿದ್ರ ಏನ್ ಮಾಡ್ತೀರಿ, ಅದನ್ನ ಹೇಳು."

"ಮತ್ತ... ಒಂದರ ಮ್ಯಾಲ."

"ಆಗದಿದ್ರ ಇಳಿಬ್ಯಾಡ್ರಿ." ಯಮನೂರ ಉಸಿರಿಗಾಗಿ ನಿಂತ. "ಅಲ್ಲೆ ದಂಡಿ ಮ್ಯಾಲ ಸಾವಿರ ಮಂದಿ ನಿಂತಿರ್ತಾರ. ತಾಯಿ ಅಳ್ತಿರ್ತಾಳ. ಸಾಹೇಬ್ರು ಬೈತಿರ್ತಾರ. ಆವಾಗ ಹುಡುಗಗ ಆಗಂಗಿಲ್ಲ ಅನ್ನಾಕ ಕಾಗದದ ಆಸರ ಬೇಕು. ಈ ಒಂದ ಮಾತ ಇತ್ತಂದ್ರ ಆಸರ ಇಲ್ಲ. ಪೆನ್ನ ತಾ."

"ಇದನ್ನ ಹೊಡದ್ರ ಮತ್ತ ಮೊದಲಿಂದ ಟೈಪ್ ಮಾಡಸ್ಬೇಕಾಕ್ಕತಿ ಕಾಕಾ. ಅವರು ವಾಪಸ್ ಕಳಸಬಹುದು."

"ಕಳಸ್ಲಿ. ನೀ ಮತ್ತ ಒಯ್ಯಿ. ನಾ ಒಯ್ದಂಗ ಒಯ್ಯಿ."

ಸಂಗಯ್ಯ ಪೆನ್ನು ಕೊಟ್ಟ. ಜಯಶ್ರೀ ಫೈಲನ್ನು ಅವನ ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಳು. ಯಮನೂರ ಬೆರಳಿಟ್ಟು ಸಾಲು ಹುಡುಕಿದ. 'ಸಾಧ್ಯವಾದಲ್ಲಿ' ಎಂಬ ಮಾತಿನ ಮೇಲೆ ಗೆರೆ ಎಳೆದ. ಪೆನ್ನು ಮೊದಲು ಮೂಡಲಿಲ್ಲ. ಒತ್ತಿ ಎಳೆದ, ಕಾಗದ ಸ್ವಲ್ಪ ಹರಿಯಿತು. ಪಕ್ಕದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ. ಆಮೇಲೆ ತಲೆ ಎತ್ತಿ, ಪ್ರತಿಗಳು ಎಷ್ಟು ಎಂದು ಕೇಳಿದ. ಮೂರು ಎಂದ ಸಂತೋಷಕುಮಾರ. ಅಂದು ಮಧ್ಯಾಹ್ನದಿಂದ ಯಮನೂರನಿಗೆ ಎಚ್ಚರ ಇರಲಿಲ್ಲ, ಅದಕ್ಕೆ ಇದೇ ಅವನು ಮಾಡಿದ ಕೊನೆಯ ಕೆಲಸ. ಉಳಿದ ಎರಡನ್ನೂ ತೊಡೆಯ ಮೇಲೆ ಇಡಿಸಿಕೊಂಡು, ಅದೇ ಸಾಲು ಹುಡುಕಿ, ಅದೇ ಮಾತನ್ನು ಹೊಡೆದುಹಾಕಿದ.